ಐದನೇ ಗುರುತು: ಕೇರಿಯ ಬಾವಿ

ಗೋರ್ವಾ, ಬಡೋದಾ
13 ಫೆಬ್ರುವರಿ 1966

ಅಣ್ಣಾ,

ತೀರ್ಥರೂಪ ಎಂದು ಬರೆಯಲು ಕೈ ಒಲ್ಲೆ ಅನ್ನುತ್ತದೆ. ನಮ್ಮ ಅಪ್ಪನ ಕೈಗೆ ತೀರ್ಥವನ್ನು ಯಾರು ತಾಗಿಸಿ ಕೊಟ್ಟಿದ್ದರು? ಮೊಳ ಎತ್ತರದಿಂದ ಸುರುವುತ್ತಿದ್ದರು, ಅರ್ಧ ಬೊಗಸೆಗೆ, ಅರ್ಧ ಮಣ್ಣಿಗೆ. ಬರೀ ಅಣ್ಣಾ ಅಂದರೆ ಸಾಕು. ಅದರಲ್ಲಿ ಎಲ್ಲ ಬಂತು.

ಸೈನ್ಯ ಬಿಟ್ಟು ಈ ಶಾಲೆಗೆ ಸೇರಿ ಎಂಟು ತಿಂಗಳಾಯಿತು. ಡ್ರಿಲ್ ಮಾಸ್ತರ ಅಂದರೆ ಇವರ ಪಾಲಿಗೆ ಸೀಟಿ ಊದುವ ಜವಾನ. ಪ್ರಾರ್ಥನೆಗೆ ಸಾಲು ನಿಲ್ಲಿಸು, ಮಂತ್ರಿ ಬಂದರೆ ಬಿಸಿಲಿನಲ್ಲಿ ಸಾಲು ನಿಲ್ಲಿಸು. ಯಾವ ಮಗು ಎಲ್ಲಿ ನಿಲ್ಲಬೇಕೆಂದು ನಾನು ಹೇಳಬೇಕಾಗಿಯೇ ಇಲ್ಲ. ವಣಕರ ಮಕ್ಕಳು, ಅಂದರೆ ಮಗ್ಗ ನೇಯುವ ಇಲ್ಲಿಯ ನಮ್ಮವರು, ತಾವೇ ಹೋಗಿ ಕೊನೆಗೆ ನಿಲ್ಲುತ್ತಾರೆ. ನನಗೆ ಸಾಲು ಸಾಕಾಗಿದೆ. ಸಾಲೇ ಇಲ್ಲದ ಆಟ ಬೇಕು.

ಅಂಥದ್ದೊಂದು ಇದೆ. ನಮ್ಮ ಪಲ್ಟನ್ನಿನ ಕ್ಯಾಪ್ಟನ್ ಒಬ್ಬರ ಹತ್ತಿರ ಅದರ ಪುಸ್ತಕ ನೋಡಿದ್ದೆ. ಸ್ವೀಡನ್ ದೇಶದ ಶಾಲೆಗಳಲ್ಲಿ ಆಡಿಸುತ್ತಾರಂತೆ, ಓರಿಯೆಂಟೀರಿಂಗ್ ಎಂದು ಹೆಸರು. ನಾನು ನಕ್ಷೆ ಓಟ ಎಂದು ಕರೆದಿದ್ದೇನೆ. ಪ್ರತಿ ಮಗುವಿನ ಕೈಗೆ ಒಂದು ನಕ್ಷೆ, ಒಂದು ದಿಕ್ಸೂಚಿ. ನಕ್ಷೆಯಲ್ಲಿ ಆರು ಕಡೆ ಗುರುತು. ಆ ಜಾಗಕ್ಕೆ ಹೋದರೆ ಅಲ್ಲಿ ಕೆಂಪು ಬಿಳಿ ಬಾವುಟ, ದಾರಕ್ಕೆ ಕಟ್ಟಿದ ಒಂದು ಬಣ್ಣದ ಪೆನ್ಸಿಲ್. ಕಾರ್ಡಿನ ಮೇಲೆ ಗೀರು ಹಾಕಿಕೊಂಡು ಮುಂದಿನದಕ್ಕೆ ಓಡಬೇಕು. ದಾರಿ ಯಾವುದೆಂದು ಯಾರೂ ಹೇಳುವುದಿಲ್ಲ. ಯಾರ ಹಿಂದೆಯೂ ನಡೆಯಬೇಕಾಗಿಲ್ಲ, ಯಾರಿಗೂ ದಾರಿ ಬಿಡಬೇಕಾಗಿಲ್ಲ. ನನಗೆ ಹಿಡಿಸಿದ್ದು ಅದೇ.

ಹೆಡ್‌ಮಾಸ್ತರರು ಕೇಳಿದರು: "ಭೀಮಸೇನಭಾಯಿ, ನಕ್ಷೆ ಹಿಡಿದು ಹೊಲದಲ್ಲಿ ಓಡೋದು ಪಾಕಿಸ್ತಾನಿ ಗೂಢಚಾರರ ಕೆಲಸ ಅಲ್ಲವಾ?" ಸೂರತ್‌ನಿಂದ ಇನ್‌ಸ್ಪೆಕ್ಟರ್ ಸಾಹೇಬರು ನೋಡಲು ಬರುತ್ತಾರೆ, ಮೆಚ್ಚಿದರೆ ಎಲ್ಲ ಶಾಲೆಗೂ ಹೋಗುತ್ತದೆ, ನಿಮ್ಮ ಹೆಸರು ಪೇಪರಿನಲ್ಲಿ ಬರುತ್ತದೆ ಎಂದೆ. ಕೂಡಲೇ ದೇಶಭಕ್ತಿ ಕಡಿಮೆಯಾಯಿತು.

ನೀನು ಹದಿನೈದು ವರ್ಷದಿಂದ ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವವನು. ನಾನು ಹೆಜ್ಜೆ ಅಳೆದು ಕಚ್ಚಾ ನಕ್ಷೆ ಕಳಿಸುತ್ತೇನೆ, ನೀನು ಪಕ್ಕಾ ಮಾಡಿಕೊಡು. ಗೋರ್ವಾದ ಆಚೆಯ ಹಳ್ಳಿ. ಒಂದು ಕಡೆ ಸೇಠನ ಮಾವಿನ ತೋಪು, ಇನ್ನೊಂದು ಕಡೆ ವಣಕರ ಕೇರಿ. ಇಲ್ಲಿ ಕೇರಿ ಅಂದರೆ ಮಾವಿನಕಾಯಿ ಎಂಬುದು ನೆನಪಾಗಿ ನಗು ಬರುತ್ತದೆ. ನಾನು ಮೊದಲ ಸಲ ಅಹಮದಾಬಾದ್ ಸ್ಟೇಶನ್ನಿನಲ್ಲಿ ಇಳಿದಾಗ ಬುಟ್ಟಿಯವಳೊಬ್ಬಳು "ಕೇರೀ, ಮೀಠೀ ಕೇರೀ" ಎಂದು ನನ್ನ ಮುಖಕ್ಕೇ ಕೂಗಿದಳು. ಇವಳಿಗೆ ನನ್ನ ಜಾತಿ ಯಾರು ಹೇಳಿದರು ಎಂದು ಟ್ರಂಕು ಹಿಡಿದು ನಿಂತುಬಿಟ್ಟಿದ್ದೆ. ನೀನು ನಕ್ಕೂ ನಕ್ಕೂ ಕಂಬ ಹಿಡಿದುಕೊಂಡಿದ್ದೆ. ಆ ನಗು ಈಗ ಎಲ್ಲಿಟ್ಟಿದ್ದೀಯ?

ವೈನಿಗೆ, ಊರ್ಮಿಳಾಗೆ ನನ್ನ ನೆನಪು ಹೇಳು.

ಭೀಮಾ

*

ಅಹಮದಾಬಾದ್
24 ಫೆಬ್ರುವರಿ 1966

ಪ್ರೀತಿಯ ಭೀಮಾ,

ಕಾಗದ ಮುಟ್ಟಿತು. ನಕ್ಷೆ ಮಾಡಿಕೊಡುತ್ತೇನೆ. ಕಚೇರಿಯಲ್ಲಿ ಅಮೋನಿಯಾ ಯಂತ್ರ ಇದೆ, ಸಾಹೇಬರ ಕಣ್ಣು ತಪ್ಪಿಸಿ ನಲವತ್ತು ಪ್ರತಿ ತೆಗೆಯಬಹುದು. ನನ್ನ ಗುಜರಾತಿ ಅಕ್ಷರ ಕೋಳಿ ಕೆದರಿದ ಹಾಗೆ ಇರುತ್ತದೆ, ಹೆಸರುಗಳನ್ನು ಊರ್ಮಿಳಾ ಬರೆಯುತ್ತಾಳೆ. ಹದಿನಾಲ್ಕರ ಹುಡುಗಿ, ಅಕ್ಷರ ಮಾತ್ರ ಮುದ್ರಿಸಿದ ಹಾಗೆ.

ಒಂದು ಮಾತು, ಸಿಟ್ಟಾಗಬೇಡ. ಎದುರು ಮನೆಗೆ ಕೃಷ್ಣಮೂರ್ತಿ ಎಂಬವರು ಬಂದಿದ್ದಾರೆ. ವಿಮಾ ಕಚೇರಿ, ಮೈಸೂರಿನಿಂದ ವರ್ಗ. ಅವರ ಹೆಂಡತಿ ಕಮಲಾಕ್ಷಮ್ಮ ದಿನಾ ನಮ್ಮಲ್ಲಿಗೆ ಬರುತ್ತಾರೆ. ಈ ಊರಿನಲ್ಲಿ ಕನ್ನಡ ಅಕ್ಷರ ಕಂಡರೆ ಹಸಿದವರ ಹಾಗೆ ಎತ್ತಿಕೊಂಡು ಓದುತ್ತಾರೆ, ಕಿರಾಣಿ ಪೊಟ್ಟಣವಾದರೂ ಸರಿ. ನಿನ್ನ ಕಾಗದ ಮೇಜಿನ ಮೇಲಿತ್ತು. ನಾನು ಅದರ ಮೇಲೆ ಕುಳಿತುಕೊಳ್ಳಬೇಕಾಯಿತು.

ಬಾಗಿಲ ಮೇಲೆ ನಾನು ಬಿಜಾಪುರಕರ ಎಂದು ಬರೆಸಿದ್ದೇನೆ. ಸುಳ್ಳಲ್ಲ, ನಾವು ಆ ಜಿಲ್ಲೆಯವರೇ. ಯಾರೂ ಮುಂದೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಊರ್ಮಿಳಾ ಈ ಪೋಳದ ಇಕ್ಕಟ್ಟಾದ ಓಣಿಯ ಎಲ್ಲ ಮನೆಗಳ ಅಡುಗೆಮನೆಗೂ ಹೋಗಿ ಬರುತ್ತಾಳೆ. ಅವಳಿಗೆ ನಮ್ಮ ಊರಿನ ಆ ಶಬ್ದಗಳು ಗೊತ್ತಿಲ್ಲ. ಗೊತ್ತಾಗದಿರಲಿ ಎಂದೇ ನಾನು ಇಷ್ಟು ವರ್ಷ ಈ ಬೆನ್ನು ಬಗ್ಗಿಸಿದ್ದು. ಕಾಗದದಲ್ಲಿ ಅದನ್ನು ಬರೆಯಬೇಡ. ಜಾಗ ಎನ್ನು, ಬಸ್ತಿ ಎನ್ನು, ಬೇಕಾದಷ್ಟು ಶಬ್ದಗಳಿವೆ.

ಸೈನ್ಯದಲ್ಲಿ ಹಿಮಕ್ಕೆ ಕೊಟ್ಟ ಕಾಲ್ಬೆರಳುಗಳ ಗಾಯ ಈಗ ಹೇಗಿದೆ? ಚಪ್ಪಲಿ ಬಿಟ್ಟು ಬೂಟು ಹಾಕಿಕೋ.

ವಿಠ್ಠಲ

*

ಗೋರ್ವಾ
8 ಮಾರ್ಚ್ 1966

ಅಣ್ಣಾ,

ಕಾಗದದ ಮೇಲೆ ಕುಳಿತೆ ಎಂದು ಓದಿ ನಕ್ಕೆ. ಎರಡನೇ ಸಲ ಓದಿದಾಗ ನಗು ಬರಲಿಲ್ಲ. ನಿನ್ನ ಮನೆಯಲ್ಲಿ ಕುಳಿತುಕೊಳ್ಳಲು ನಿನಗೆ ಉಳಿದಿರುವ ಜಾಗ ಅದೊಂದೇ ಏನು?

ಕೇರಿಗೆ ಕೇರಿ ಎಂದೇ ಬರೆಯುತ್ತೇನೆ. ಅವ್ವ ಅಲ್ಲಿ ನಮ್ಮನ್ನು ಹೆತ್ತಳು. ಅದಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ಕಚ್ಚಾ ನಕ್ಷೆ ಇಟ್ಟಿದ್ದೇನೆ. ಹಳ್ಳಿಯಲ್ಲಿ ಎರಡು ಬಾವಿ, ನಡುವೆ ಗಾಡಿ ದಾರಿ. ಎರಡನ್ನೂ ಒಂದೇ ರೀತಿಯ ಸೊನ್ನೆ ಸುತ್ತಿ ತೋರಿಸಿದ್ದೇನೆ. ಗುರುತುಗಳ ಪಟ್ಟಿ ಬೇರೆ ಹಾಳೆಯಲ್ಲಿದೆ, ಅದನ್ನು ನೋಡಿ ನೀನೇ ನಕ್ಷೆಯ ಮೇಲೆ ಅಂಕಿ ಹಾಕು. ಒಂದು, ಹನುಮಾನ್ ದೇರಿ, ಅದೇ ಸಣ್ಣ ಗುಡಿ. ಎರಡು, ಮುರಿದ ಇಟ್ಟಿಗೆ ಭಟ್ಟಿ. ಮೂರು, ಒಂಟಿ ಆಲದ ಮರ. ನಾಲ್ಕು, ಕಾಲುವೆಯ ಮೋರಿ. ಐದು, ಕೇರಿಯ ಬಾವಿ. ಆರು, ಶಾಲೆಯ ಗೇಟು.

ಐದನೆಯದಕ್ಕಾಗಿಯೇ ಈ ಓಟ. ಬೇರೆಯವರಿಗೆ ಹೇಳಿಲ್ಲ, ನಿನಗೆ ಹೇಳುತ್ತೇನೆ. ಮೇಲಿನವರ ಮಕ್ಕಳು ಹುಟ್ಟಿದಾಗಿನಿಂದ ಆ ಗಾಡಿ ದಾರಿಯ ಈಚೆಗೆ ಕಾಲಿಟ್ಟವರಲ್ಲ. ಅವತ್ತು ಅವರು ಗೆಲ್ಲಬೇಕಾದರೆ ಕೇರಿಯ ಒಳಗೆ ಬರಬೇಕು, ಬಾವಿಯ ಕಟ್ಟೆ ಮುಟ್ಟಬೇಕು, ಅಲ್ಲಿ ಕಟ್ಟಿದ ಹಸಿರು ಪೆನ್ಸಿಲ್ ಹಿಡಿಯಬೇಕು. ಕೇರಿಯವರು ನೀರು ಕೊಡುತ್ತಾರೆ. ಭಾಷಣ ಮಾಡಿ ಆಗದ್ದನ್ನು ಬಾಯಾರಿಕೆಯಿಂದ ಮಾಡಿಸುತ್ತೇನೆ.

ಜಮನಾ ಎಂಬ ಹುಡುಗಿ ಇದ್ದಾಳೆ. ಹದಿಮೂರು ವರ್ಷ, ಅದೇ ಕೇರಿಯ ನೇಕಾರನ ಮಗಳು. ಮೊದಲ ದಿನ ದಿಕ್ಸೂಚಿ ಕೈಗೆ ಕೊಟ್ಟೆ. ಹೇಗೆ ತಿರುಗಿಸಿದರೂ ಮುಳ್ಳು ಒಂದೇ ಕಡೆ ನಿಲ್ಲುವುದನ್ನು ನೋಡಿ ಕೇಳಿದಳು: "ಸಾಹೇಬ್, ಇದು ಯಾರಿಗೂ ಹೆದರೋದಿಲ್ವಾ?" ಹೆದರುವುದಿಲ್ಲ, ಅದಕ್ಕೆ ಉತ್ತರ ಗೊತ್ತು ಎಂದೆ. ಉತ್ತರ ಎಂದರೆ ಇವರ ಭಾಷೆಯಲ್ಲೂ ಎರಡು ಅರ್ಥ. ನಕ್ಕಳು. ಈಗ ನೂರು ಹೆಜ್ಜೆಗೆ ಎಷ್ಟು ದೂರ ಎಂಬುದನ್ನು ನನಗಿಂತ ಚೆನ್ನಾಗಿ ಹೇಳುತ್ತಾಳೆ. ಮಕ್ಕಳಿಗೆಲ್ಲ ಒಂದೇ ಮಾತು ಕಲಿಸಿದ್ದೇನೆ: ಓಟದಲ್ಲಿ ನಕ್ಷೆ ಹೇಳಿದ್ದೇ ಖರೆ, ಬೇರೆ ಯಾರು ಏನು ಹೇಳಿದರೂ ಕೇಳಬೇಡಿ.

ಭೀಮಾ

*

ಅಹಮದಾಬಾದ್
20 ಮಾರ್ಚ್ 1966

ಭೀಮಾ,

ನಲವತ್ತು ಪ್ರತಿಗಳ ಪಾರ್ಸೆಲ್ಲನ್ನು ಶಾಲೆಯ ಹೆಸರಿಗೇ ಕಳಿಸಿದ್ದೇನೆ. ಊರ್ಮಿಳಾ ನಾಲ್ಕು ಸಂಜೆ ಕುಳಿತು ಬರೆದಳು. ಕಮಲಾಕ್ಷಮ್ಮನವರೂ ನೋಡಿ, "ಏನು ಮುದ್ದಾಗಿದೆ ಕಣೇ ನಿನ್ನ ಅಕ್ಷರ, ನಮ್ಮ ಹುಡುಗರೂ ಇದಾರೆ ದಂಡಕ್ಕೆ" ಎಂದರು. ಮಗಳು ಉಬ್ಬಿಹೋಗಿದ್ದಾಳೆ.

ನಿನಗೆ ಒಂದು ವಿಷಯ ಹೇಳುವುದಿತ್ತು. ಅಂಥ ದೊಡ್ಡದೇನಲ್ಲ. ಓಟ ಮುಗಿಯಲಿ, ನೀನೇ ಇಲ್ಲಿಗೆ ಬಾ, ಆಗ ಮಾತಾಡೋಣ. ಪಾರ್ಸೆಲ್ಲು ಬಂದ ಮೇಲೆ ಒಮ್ಮೆ ಬಿಚ್ಚಿ ನೋಡು.

ವಿಠ್ಠಲ

*

ಅಹಮದಾಬಾದ್
5 ಏಪ್ರಿಲ್ 1966

ಭೀಮಾ,

ಓಟ ಮುಗಿದು ಹತ್ತು ದಿನವಾಗುತ್ತ ಬಂತು. ಉತ್ತರ ಇಲ್ಲ. ಊರ್ಮಿಳಾ ದಿನಾ ಅಂಚೆಯವನನ್ನು ಕೇಳುತ್ತಾಳೆ, ತನ್ನ ನಕ್ಷೆ ಹಿಡಿದು ಯಾರು ಗೆದ್ದರು ಎಂದು. ಎರಡು ಸಾಲು ಬರೆ. ಇನ್‌ಸ್ಪೆಕ್ಟರಿಗೆ ಹಿಡಿಸಿತೇ? ಎಲ್ಲ ಸರಿಯಾಗಿ ನಡೆಯಿತು ತಾನೇ?

ವಿಠ್ಠಲ

*

ಗೋರ್ವಾ
11 ಏಪ್ರಿಲ್ 1966

ಅಣ್ಣಾ,

ಯಾರೂ ಗೆಲ್ಲಲಿಲ್ಲ ಎಂದು ಊರ್ಮಿಳಾಗೆ ಹೇಳು.

ಮಾರ್ಚ್ ಇಪ್ಪತ್ತೇಳು, ರವಿವಾರ. ಬೆಳಗಾಗುತ್ತಲೇ ಹೋಗಿ ಎಲ್ಲ ಕಡೆ ಬಾವುಟ ಕಟ್ಟಿ, ಕೊನೆಗೆ ಕೇರಿಯ ಬಾವಿಯ ಕಟ್ಟೆಯ ಮೇಲೆ ಕುಳಿತೆ. ನಿನ್ನ ಪಾರ್ಸೆಲ್ಲನ್ನು ಹೊರಡುವ ಹೊತ್ತಿಗೆ ಹೆಡ್‌ಮಾಸ್ತರರೇ ಒಡೆದು ಹಂಚಿದರು. ಅದಕ್ಕೂ ಮೊದಲು ಯಾರೂ ನಕ್ಷೆ ನೋಡಬಾರದೆಂಬುದು ಆಟದ ನಿಯಮ. ನಿಯಮ ತಂದವನೇ ಮುರಿಯಬಾರದೆಂದು ನಾನೂ ನೋಡಲಿಲ್ಲ. ನಿನ್ನ ಕೈಯ ಮೇಲೆ ಅಷ್ಟು ನಂಬಿಕೆ.

ಕೇರಿಯ ಹೆಂಗಸರು ಇಪ್ಪತ್ತೆರಡು ಲೋಟಗಳನ್ನು ಬೂದಿ ಹಚ್ಚಿ ತಿಕ್ಕಿ ಇಟ್ಟಿದ್ದರು, ಓಡುವ ಮಕ್ಕಳು ಇಪ್ಪತ್ತೆರಡು. ಜಮನಾಳ ತಾಯಿ ನೀರಿಗೆ ನಿಂಬೆ ಹಿಂಡಿದ್ದಳು. "ಸಾಹೇಬ್, ಅವರು ನಮ್ಮ ಕೈಲಿ ಕುಡೀತಾರಾ?" ಎಂದು ಹತ್ತು ಸಲ ಕೇಳಿದಳು. ಓಡಿ ಬಂದವರಿಗೆ ಬಾಯಾರಿಕೆ ಒಂದೇ ಇರುತ್ತದೆ ತಾಯಿ ಎಂದೆ. ಎಂಟಾಯಿತು, ಎಂಟೂವರೆ, ಒಂಬತ್ತು. ಒಂದು ಮಗುವೂ ಬರಲಿಲ್ಲ. ಮೇಲಿನವರ ಮಕ್ಕಳು ಮಾತಾಡಿಕೊಂಡು ತಪ್ಪಿಸಿಕೊಂಡರು ಎಂದುಕೊಂಡೆ. ಜಮನಾಳೂ ಬರಲಿಲ್ಲ. ತನ್ನ ಕೇರಿಗೇ ಬರಲು ನಾಚಿತು ನಾಯಿ ಎಂದು ಮನಸ್ಸಿನಲ್ಲಿ ಬೈದೆ. ಅಣ್ಣಾ, ನಾನು ಹಾಗೆ ಬೈಯುತ್ತಿದ್ದ ಹೊತ್ತಿನಲ್ಲಿ ಅವಳು ತೋಪಿನ ಬಾವಿಯ ಮೆಟ್ಟಿಲ ಮೇಲೆ ಬಿದ್ದಿದ್ದಳು.

ತೋಪಿನಲ್ಲಿ ಈಗ ಎಳೆಗಾಯಿ. ಕಾವಲಿನವರ ಕೈಯಲ್ಲಿ ಗಿಳಿ ಹೊಡೆಯುವ ಕವಣೆ. ಅವಳಿಗಿಂತ ಮೊದಲೇ ಎಂಟು ಹತ್ತು ಹುಡುಗರು ಅಲ್ಲಿಗೆ ಹೋಗಿದ್ದರು. ಬಾವುಟ ಕಾಣದೆ, ಬಾವಿಯ ನೀರು ಕುಡಿದು, ನಾಲ್ಕು ಕಾಯಿ ಕಿತ್ತು ಜೇಬಿಗೆ ಹಾಕಿಕೊಂಡು ನಡೆದರು. ಕಾವಲಿನವರು ಅವರನ್ನು "ಬಾ ಮಗಾ" ಎಂದು ಮಾತಾಡಿಸಿದರಂತೆ. ಆಮೇಲೆ ಜಮನಾ ಬಂದಳು. ಬಾವುಟ ಹುಡುಕುತ್ತ ಮೆಟ್ಟಿಲು ಇಳಿದಳು. ಮೊದಲ ಕಲ್ಲು ಬೆನ್ನಿಗೆ, ಎರಡನೆಯದು ಮೊಣಕಾಲಿಗೆ. ಏಳು ಮೆಟ್ಟಿಲು ಉರುಳಿದಳು. ಯಾರೂ ಎತ್ತಲಿಲ್ಲ, ಎತ್ತಿದರೆ ಮುಟ್ಟಬೇಕಲ್ಲ! ಅವಳ ಅಪ್ಪ ಬರುವ ತನಕ ನಿಂತು ಕಾದರು. ಮೆಟ್ಟಿಲ ಮೇಲಿನ ರಕ್ತ ಅವನಿಂದಲೇ ತೊಳೆಸಿ, ಆಮೇಲೆ ಮಗಳನ್ನು ಹೊತ್ತುಕೊಂಡು ಹೋಗಲು ಬಿಟ್ಟರು. ನಮ್ಮ ರಕ್ತ ತೊಳೆಯುವುದಕ್ಕೂ ನಮ್ಮ ಕೈಯೇ ಬೇಕು.

ಮೊಣಕಾಲಿನ ಚಿಪ್ಪು ಒಡೆದಿದೆ. ಓಡುವುದಿರಲಿ, ಮಡಚಲಿಕ್ಕೂ ಬರುವುದಿಲ್ಲ ಎಂದರು ಡಾಕ್ಟರು.

ಅವಳು ಅಲ್ಲಿಗೆ ಯಾಕೆ ಹೋದಳು? ಆ ಬಾವಿಯ ಹತ್ತಿರ ಹೋಗಬಾರದೆಂದು ಕೇರಿಯ ಮಗುವಿಗೆ ಹಾಲಿನ ಜೊತೆಗೇ ಹೇಳಿರುತ್ತಾರೆ. ಹೆಡ್‌ಮಾಸ್ತರರು ಹೇಳುವುದು ಬೇರೆ: ಬೇರೆ ಹುಡುಗರು ಕೇರಿಗೆ ಬರಲು ಒಲ್ಲದೆ ತೋಪಿಗೆ ಹೋದರು, ಇವಳು ನಕ್ಷೆ ತಪ್ಪಾಗಿ ಓದಿ ಅವರ ಹಿಂದೆ ಹೋದಳು. ಯುದ್ಧ ಮುಗಿದು ವರ್ಷವಾಗಿಲ್ಲ, ಪೊಲೀಸರು ಕೇಳಿದರೆ ಕಷ್ಟ ಎಂದು ನಕ್ಷೆಗಳನ್ನೆಲ್ಲ ಅಂದೇ ಕೂಡಿಸಿ ಸುಟ್ಟರು. ಬೇರೆ ಮಕ್ಕಳನ್ನು ಕೇಳಿದರೆ ಹೆಡ್‌ಮಾಸ್ತರರ ಮಾತನ್ನೇ ಒಪ್ಪಿಸುತ್ತಾರೆ. ಈಗ ವರದಿ ಬರೆದಿಟ್ಟು ನನ್ನ ಸಹಿ ಕೇಳುತ್ತಿದ್ದಾರೆ. ನಕ್ಷೆಯೇ ಅವಳನ್ನು ಅಲ್ಲಿಗೆ ಕಳಿಸಿತು ಎಂದಾದರೆ, ಶಾಲೆ ಕಳಿಸಿದ ಮಗುವನ್ನು ಹೊಡೆದರು ಎಂದು ನಾನು ಫಿರ್ಯಾದಿ ಕೊಡಬಹುದು. ಅವಳೇ ತಪ್ಪಿದಳು ಎಂದಾದರೆ ಅವಳು ತೋಪಿಗೆ ನುಗ್ಗಿದ ಕಳ್ಳಿ, ಅಷ್ಟೇ.

ಒಂದೇ ಮಾತು ಕೇಳುತ್ತೇನೆ. ಐದನೇ ಗುರುತನ್ನು ನೀನು ಎಲ್ಲಿ ಹಾಕಿದ್ದೆ?

ಭೀಮಾ

*

ಅಹಮದಾಬಾದ್
16 ಏಪ್ರಿಲ್ 1966

ಭೀಮಾ,

ಕಾಗದ ಓದಿದೆ. ಹುಡುಗಿಯ ಔಷಧಕ್ಕೆ ಮನಿಯಾರ್ಡರ್ ಕಳಿಸಿದ್ದೇನೆ.

ಗುರುತನ್ನು ನೀನು ಬರೆದ ಜಾಗದಲ್ಲೇ ಹಾಕಿದ್ದೇನೆ. ನಕ್ಷೆಯಲ್ಲಿ ತಪ್ಪಿಲ್ಲ. ಸಣ್ಣ ಹುಡುಗಿ, ಓಡುವ ಭರದಲ್ಲಿ ದಿಕ್ಕು ತಪ್ಪಿರಬೇಕು. ಫಿರ್ಯಾದಿ ಎಂದು ಹೋಗಬೇಡ. ಪ್ರತಿಗಳನ್ನು ಕಚೇರಿಯ ಯಂತ್ರದಲ್ಲಿ ಕದ್ದು ತೆಗೆದದ್ದು, ನನ್ನ ಹೆಸರು ಬರುತ್ತದೆ. ನೀನು ಒಂಟಿ, ನಿನಗೆ ನಡೆಯುತ್ತದೆ. ನನಗೆ ಮಗಳಿದ್ದಾಳೆ.

ವಿಠ್ಠಲ

*

ಗೋರ್ವಾ
9 ಜುಲೈ 1966

ವಿಠ್ಠಲ ಬಿಜಾಪುರಕರ ಅವರಿಗೆ,

ನಿನ್ನ ಕಾಗದ ಬಂದ ಮರುದಿನ ನಾನು ಸಹಿ ಮಾಡಿದೆ. ಆಸ್ಪತ್ರೆಗೆ ಹೋಗಿ ಅವಳ ಹಾಸಿಗೆಯ ಪಕ್ಕ ಕುಳಿತು, "ನೀನು ತಪ್ಪು ಓದಿದೆ ಜಮನಾ" ಎಂದೆ. "ಇಲ್ಲ ಸಾಹೇಬ್, ಮೋರಿಯಿಂದ ಇನ್ನೂರಾ ನಲವತ್ತು ಹೆಜ್ಜೆ, ನಾನು ಎಣಿಸಿದ್ದೆ" ಎಂದಳು. ನನ್ನ ಅಣ್ಣನ ಕೈ ತಪ್ಪುವುದಿಲ್ಲ ಎಂದೆ. "ಹಾಗಾದ್ರೆ ನನ್ನದೇ ಇರಬೇಕು" ಎಂದು ಗೋಡೆಯ ಕಡೆ ಹೊರಳಿದಳು. ಇದನ್ನು ನಿನಗೆ ಈವರೆಗೆ ಬರೆದಿರಲಿಲ್ಲ, ನಾಚಿಕೆಯಾಗಿತ್ತು.

ಅವಳ ಮನೆಯವರು ಹಳ್ಳಿ ಬಿಟ್ಟು ಸೂರತ್‌ಗೆ ಹೋದರು. ಆ ಬಾವಿಯ ಘಟನೆಯ ನಂತರ ಅವಳ ಅಪ್ಪನಿಗೆ ಅಲ್ಲಿ ಯಾರೂ ನೂಲು ಕೊಡಲಿಲ್ಲ. ಹೋಗುವ ಮೊದಲು ಅವನು ನನಗೊಂದು ಮಡಚಿದ ಕಾಗದ ಕೊಟ್ಟ. ಬಿದ್ದಾಗ ಅವಳ ಲಂಗದ ಸೊಂಟಪಟ್ಟಿಯಲ್ಲಿ ಸಿಕ್ಕಿಸಿಕೊಂಡಿದ್ದ ನಕ್ಷೆ. ಸುಡದೆ ಉಳಿದದ್ದು ಇದೊಂದೇ.

ಮೋರಿಯಿಂದ ಇನ್ನೂರಾ ನಲವತ್ತು ಹೆಜ್ಜೆ. ತೋಪಿನ ನಡುವಿನ ಬಾವಿಗೆ ಕೆಂಪು ಸುತ್ತು, ಪಕ್ಕದಲ್ಲಿ ಐದು. ಕೆಳಗೆ ನಿನ್ನ ಮಗಳ ಮುತ್ತಿನಂಥ ಅಕ್ಷರದಲ್ಲಿ ಗುಜರಾತಿ: ಮಾವಿನ ತೋಪಿನ ಬಾವಿ. ಕೇರಿಯ ಬಾವಿಗೆ ಹೆಸರೇ ಇಲ್ಲ. ಮನೆಗಳ ಚೌಕಗಳನ್ನೂ ಅಳಿಸಿದ್ದೀರಿ. ಅಲ್ಲಿ ಬಿಳಿ ಕಾಗದ.

ಮಗು ಕೇರಿ ಎಂದರೆ ಮಾವು ಎಂದುಕೊಂಡಿತು, ಅದರ ತಪ್ಪಲ್ಲ. ನೀನೂ ಹಾಗೇ ಅಂದುಕೊಂಡೆಯಾ? ಏಪ್ರಿಲ್ ಹದಿನಾರರಂದು ನೀನು ಬರೆದ ಸಾಲು ನನ್ನ ಮುಂದಿದೆ. ಇದಕ್ಕೆ ಉತ್ತರ ಕೊಡು.

ಭೀಮಸೇನ

*

ಅಹಮದಾಬಾದ್
21 ಜುಲೈ 1966

ಭೀಮಾ,

ನಾಲ್ಕು ಸಲ ಬರೆದು ಹರಿದೆ. ಇದನ್ನು ಕಚೇರಿಯಲ್ಲಿ ಕುಳಿತು ಬರೆಯುತ್ತಿದ್ದೇನೆ.

ಅವತ್ತು ಊರ್ಮಿಳಾ ನೆಲದ ಮೇಲೆ ಟ್ರೇಸಿಂಗ್ ಬಟ್ಟೆ ಹರಡಿಕೊಂಡು ಬರೆಯುತ್ತಿದ್ದಳು. ಕಮಲಾಕ್ಷಮ್ಮ ಪಕ್ಕದಲ್ಲಿ ಕುಳಿತು ಬಟಾಣಿ ಸುಲಿಯುತ್ತಿದ್ದರು. ಮಗಳು ನಿನ್ನ ಪಟ್ಟಿಯನ್ನು ಅಕ್ಷರ ಕೂಡಿಸಿ ಓದಿದಳು. "ಕೇ-ರಿ-ಯ ಬಾ-ವಿ. ಪಪ್ಪಾ, ಕೇರಿ ಅಂದ್ರ ಮಾವಿನಕಾಯಿ ತಾನೇ? ತೋಪಿನ ಬಾವಿ ಅಲ್ಲಾ?" ಕಮಲಾಕ್ಷಮ್ಮ ಬಟಾಣಿ ಬಿಟ್ಟು ನನ್ನ ಮುಖ ನೋಡಿದರು. ಅವರಿಗೆ ಆ ಶಬ್ದ ಗೊತ್ತಿದೆಯಲ್ಲ. ನಿಮ್ಮ ತಮ್ಮ ಯಾವ ಕೇರಿಯ ಬಗ್ಗೆ ಬರೆದಿದ್ದಾರೆ, ಅವರಿಗೂ ಅದಕ್ಕೂ ಏನು ಸಂಬಂಧ ಎಂದು ಇನ್ನೊಂದು ಗಳಿಗೆಗೆ ಕೇಳುತ್ತಿದ್ದರು.

ನಾನು "ಹೂಂ" ಅಂದೆ.

ಅಷ್ಟೇ ನಾನು ಮಾಡಿದ್ದು. ಆಮೇಲೆ ಮನೆಗಳ ಚೌಕ ಯಾತಕ್ಕೆ ಎಂದು ಕೇಳಿದಳು, ಬೇಡ ಬಿಡು ಎಂದೆ. ಅವರು ಹೋದ ಮೇಲೆ ತಿದ್ದಬೇಕೆಂದಿದ್ದೆ. ತಿದ್ದಿದರೆ ಮಗಳಿಗೆ ಕಾರಣ ಹೇಳಬೇಕಾಗುತ್ತಿತ್ತು. ನೀನು ಪಾರ್ಸೆಲ್ಲು ಬಿಚ್ಚಿ ನೋಡುತ್ತೀಯ, ಬೈದು ತಂತಿ ಕೊಡುತ್ತೀಯ, ಆಗ ತಿದ್ದಿದರಾಯಿತು ಎಂದುಕೊಂಡೆ. ಮಕ್ಕಳ ಆಟ, ತೋಪಿಗೆ ಹೋದರೆ ನೆರಳಾದರೂ ಇರುತ್ತದೆ ಎಂದೂ ಅಂದುಕೊಂಡೆ. ಆ ತೋಪಿನಲ್ಲಿ ನಮ್ಮಂಥವರಿಗೆ ನೆರಳಿಲ್ಲ ಎಂಬುದನ್ನು ಮರೆಯುವಷ್ಟು ಚೆನ್ನಾಗಿ ನಾನು ಬಿಜಾಪುರಕರ ಆಗಿಹೋಗಿದ್ದೇನೆ.

ಏಪ್ರಿಲ್ಲಿನಲ್ಲಿ ಸುಳ್ಳು ಬರೆದೆ. ಬರೆಯುವಾಗ ಸುಳ್ಳೆಂದು ಗೊತ್ತಿತ್ತು.

ನೀನು ಏನು ಬೇಕಾದರೂ ಮಾಡು, ಫಿರ್ಯಾದಿಯಲ್ಲಿ ನನ್ನ ಹೆಸರು ಬರೆ. ಮನೆಗೆ ಮಾತ್ರ ಬರಬೇಡ. ಊರ್ಮಿಳಾಗೆ ಹೇಳಬೇಡ. ಇದೊಂದನ್ನು ಕೈಮುಗಿದು ಕೇಳುತ್ತೇನೆ.

ವಿಠ್ಠಲ

*

ಸೂರತ್
4 ಸೆಪ್ಟೆಂಬರ್ 1966

ಅಣ್ಣಾ,

ಫಿರ್ಯಾದಿ ಕೊಡಲು ಹೋಗಿದ್ದೆ. ನನ್ನದೇ ಸಹಿ ಇರುವ ವರದಿಯನ್ನು ನನಗೇ ತೋರಿಸಿ ಕಳಿಸಿದರು. ಶಾಲೆಗೆ ರಾಜೀನಾಮೆ ಕೊಟ್ಟೆ. ಇನ್‌ಸ್ಪೆಕ್ಟರ್ ಸಾಹೇಬರು ನಕ್ಷೆ ಓಟ ಅಪಾಯದ ಆಟವೆಂದು ಬರೆದಿದ್ದಾರಂತೆ. ಮಕ್ಕಳು ಮತ್ತೆ ಸಾಲಿನಲ್ಲಿ ನಿಂತಿದ್ದಾರೆ.

ಒಂದು ಕೆಲಸ ಉಳಿದಿತ್ತು. ಆ ಹುಡುಗಿಗೆ, ನೀನು ತಪ್ಪಿಲ್ಲ ಎಂದು ಹೇಳಬೇಕಿತ್ತು. ಮೂರು ದಿನ ಇಲ್ಲಿಯ ಮಗ್ಗದ ಶೆಡ್ಡುಗಳಲ್ಲಿ ಹುಡುಕಿದೆ. ನಾಲ್ಕನೇ ದಿನ ಸಿಕ್ಕಳು. ಉದ್ದನೆಯ ಕೋಣೆ, ಇಪ್ಪತ್ತು ಹೆಣ್ಣುಮಕ್ಕಳು ಕುಳಿತು ಜರಿ ಸುತ್ತುತ್ತಿದ್ದರು. ಇವಳೊಬ್ಬಳ ಕಾಲು ಮಾತ್ರ ಮುಂದಕ್ಕೆ ಚಾಚಿತ್ತು. ನನ್ನನ್ನು ನೋಡಿ ಎದ್ದು ನಿಲ್ಲಲು ಹೋದಳು. ಕುಳಿತುಕೋ ಎಂದೆ. ಸಾಹೇಬರ ಮುಂದೆ ಕುಳಿತುಕೊಳ್ಳುವುದು ಹೇಗೆ ಎಂದು ಗೋಡೆ ಹಿಡಿದು ನಿಂತೇ ಬಿಟ್ಟಳು.

ನಕ್ಷೆ ತೋರಿಸಿದೆ. ತಪ್ಪು ನಕ್ಷೆಯದು, ನಿನ್ನದಲ್ಲ, ನೀನು ಒಂದು ಹೆಜ್ಜೆಯನ್ನೂ ತಪ್ಪು ಎಣಿಸಿಲ್ಲ, ಇಪ್ಪತ್ತೆರಡು ಮಕ್ಕಳಲ್ಲಿ ನಿನ್ನಷ್ಟು ಸರಿಯಾಗಿ ಓದಿದವರು ಯಾರೂ ಇಲ್ಲ ಎಂದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅದಕ್ಕಾಗಿಯೇ ಇಷ್ಟು ದೂರ ಬಂದಿದ್ದೆ. ಮೂರ್ಖ ನಾನು.

ಅವಳ ಮುಖ ಬಿಳಿಚಿಕೊಂಡಿತು. ಐದು ತಿಂಗಳು ಆ ಮಗು ಒಂದೇ ಮಾತು ಹಿಡಿದುಕೊಂಡು ಬದುಕಿತ್ತು: ನಾನು ತಪ್ಪು ಮಾಡಿದೆ, ಅದಕ್ಕೇ ಪೆಟ್ಟು ಬಿತ್ತು. ಅದನ್ನೂ ನಾನು ಕಿತ್ತುಕೊಂಡೆ.

"ನಾನು ತಪ್ಪು ಓದಿಲ್ಲ ಅಂದ್ರೆ, ಸಾಹೇಬ್, ಅವರು ಹೊಡೆದಿದ್ದು ಯಾಕೆ?"

ಅವಳಿಗೆ ಕೊಡಬೇಕೆಂದು ಒಂದು ದಿಕ್ಸೂಚಿ ತಂದಿದ್ದೆ. ಅದು ನನ್ನ ಅಂಗೈಯಲ್ಲಿತ್ತು. ಅದರ ಮುಳ್ಳು ಉತ್ತರ ತೋರಿಸುತ್ತಲೇ ಇತ್ತು. ನನ್ನ ಹತ್ತಿರ ಇರಲಿಲ್ಲ.

ನಿನ್ನ ಹತ್ತಿರ ಇದೆ ಅಣ್ಣಾ. ನನಗೆ ಬರೆಯಬೇಡ. ನಿನ್ನ ಮಗಳಿಗೆ ಹೇಳು.

ಭೀಮಾ

*

ಅಹಮದಾಬಾದ್
25 ಸೆಪ್ಟೆಂಬರ್ 1966

ಭೀಮಾ ಕಾಕಾ,

ನಾನು ಊರ್ಮಿಳಾ. ನನ್ನ ಕನ್ನಡ ನೋಡಿ ಹಸಬೇಡಿ, ಅಂದರೆ ನಗಬೇಡಿ. ಬರೆಯಲು ಪಪ್ಪಾ ಕಲಿಸಿದ್ದಾರೆ, ಆದರೆ ಶಬ್ದ ಕಮ್ಮಿ ಕಲಿಸಿದ್ದಾರೆ.

ನಿಮ್ಮ ಜುಲೈ ಕಾಗದ, ಸೂರತ್ ಕಾಗದ ಎರಡೂ ಪಪ್ಪಾನ ಕೋಟಿನಲ್ಲಿ ಸಿಕ್ಕವು. ಓದಲು ಎರಡು ದಿವಸ ಆಯಿತು. ಆ ಹುಡುಗಿಯ ಕಾಲು ನನ್ನ ಅಕ್ಷರದಿಂದ ಮುರಿಯಿತು ಅಂತ ತಿಳಿಯಿತು. ಪಪ್ಪಾನಿಗೆ ಕೇಳಿದೆ. ನಿನ್ನ ತಪ್ಪಲ್ಲ ಅಂದರು. ಯಾರ ತಪ್ಪು ಅಂದರೆ ಚಪ್ಪಲಿ ಹಾಕಿಕೊಂಡು ಹೊರಗೆ ಹೋದರು. ಮಮ್ಮಿ ಅಡುಗೆಮನೆಗೆ ಹೋಗಿ ಅತ್ತಳು. ಪಪ್ಪಾ ಈಗ ಕಚೇರಿಯಿಂದ ಬಂದು ಗೋಡೆ ನೋಡುತ್ತ ಕುಳಿತಿರುತ್ತಾರೆ.

ನಮ್ಮ ಸ್ಕೂಲಿನ ಶಬ್ದಕೋಶದಲ್ಲಿ ಕೇರಿಗೆ ಮಾವು ಅಂತಲೇ ಇದೆ. ಕನ್ನಡದಲ್ಲಿ ಬೇರೆ ಇದೆ ಅಂತ ಈಗ ಗೊತ್ತಾಯಿತು. ನೀವು ಬರೆದ ಪಟ್ಟಿ ನನ್ನ ಹತ್ತಿರ ಇತ್ತು. ಅದನ್ನು ಕಮಲಾಕ್ಷಿ ಆಂಟಿಗೆ ತೋರಿಸಿ ಕೇಳಿದೆ. "ಆಂಟಿ, ನಮ್ಮ ಕಾಕಾ ಬರೆದಿದ್ದಾರೆ, ಈ ಕೇರಿ ಅಂದರೆ ಏನು? ನಮ್ಮ ಪಪ್ಪಾನ ಊರಿನಲ್ಲಿಯೂ ಇದು ಇದೆಯಾ? ನಾವು ಅಲ್ಲಿಯವರಾ?" ಆಂಟಿ ಚಹಾ ಕುಡಿಯುತ್ತಿದ್ದರು. ಕಪ್ಪು ಕೆಳಗೆ ಇಟ್ಟರು. ಅರ್ಧ ಹಾಗೆಯೇ ಇತ್ತು. ಎದ್ದು ಹೋದರು. ಹನ್ನೊಂದು ದಿವಸ ಆಯಿತು, ಬಂದಿಲ್ಲ. ನಿನ್ನೆ ನಾನು ಅವರ ಮನೆಗೆ ಹೋದರೆ ಬಾಗಿಲಲ್ಲಿಯೇ ನಿಲ್ಲಿಸಿ ಮಾತಾಡಿದರು. ಮೊದಲು ಹಾಗೆ ಮಾಡುತ್ತಿರಲಿಲ್ಲ. ಎದುರಿನ ನಳದ ಹತ್ತಿರ ಪಕ್ಕದ ಮನೆಯ ಕಾಶೀಬಾ ನನ್ನ ಕೊಡ ಸರಿಸಿ ದೂರ ಇಟ್ಟರು.

ನಾನು ನಕ್ಷೆಯನ್ನು ಮತ್ತೆ ಬರೆದಿದ್ದೇನೆ. ಕಚ್ಚಾ ಕಾಗದದಲ್ಲಿ ಇದ್ದ ಸಣ್ಣ ಚೌಕಗಳನ್ನು ಎಲ್ಲ ಹಾಕಿದ್ದೇನೆ, ಮೂವತ್ತೊಂದು ಮನೆ. ಐದನೇ ಗುರುತು ಸರಿಯಾದ ಬಾವಿಗೆ ಇದೆ. ಜಮನಾಗೆ ಕೊಡಿ. ಅವಳು ಬೇಡ ಅಂದರೂ ಕೊಡಿ. ಆದರೆ ಬಾವಿಯ ಕೆಳಗೆ ಹೆಸರು ಬರೆಯುವ ಜಾಗ ಖಾಲಿ ಬಿಟ್ಟಿದ್ದೇನೆ. ತಿಳಿಯದ ಶಬ್ದ ಇನ್ನೊಮ್ಮೆ ಬರೆಯುವುದಿಲ್ಲ.

ನೀವು ಸುಳ್ಳು ಹೇಳುವುದಿಲ್ಲ ಅಂತ ಮಮ್ಮಿ ಅಂದಳು. ಅದಕ್ಕೆ ನಿಮಗೆ ಕೇಳುತ್ತೇನೆ. ಬೇಗ ಉತ್ತರ ಬರೆಯಿರಿ.

ಕಾಕಾ, ಕೇರಿ ಅಂದರೆ ಏನು?

ಊರ್ಮಿಳಾ